ಗರ್ಭಿಣಿಯ ಮೊದಲ ಸ್ಕ್ಯಾನಿಂಗ್: ಮನೆಯವರಿಗೆ ತಿಳಿದಿರಬೇಕಾದ ಸಂಗತಿಗಳು



ನಾನು ವೈದ್ಯನಲ್ಲ, ದಿನಸಿ ವ್ಯಾಪಾರಿ. ನಮ್ಮ ಬಸದಿಯ ವತಿಯಿಂದ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಚೀಟಿ ಬರೆಯುವುದು, ಪಾಳಿ ನೋಡಿಕೊಳ್ಳುವುದು ಇಂಥ ಸೇವೆ ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಸೊಸೆಯನ್ನು ಕರೆತರುವ ಅತ್ತೆಯಂದಿರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಲಗೂ ಸ್ಕ್ಯಾನಿಂಗ್ ಯಾಕ ಬೇಕ್ರಿ? ನಮಗೆಲ್ಲಾ ಮಾಡ್ಸಿದ್ರೇನ್ರಿ?" ಶಿಬಿರಕ್ಕೆ ಬರುವ ವೈದ್ಯೆಯರು ಕೊಡುವ ಉತ್ತರಗಳನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಪ್ರಶ್ನೆ ನನಗೆ ಬರೀ ಪ್ರಶ್ನೆಯಲ್ಲ. 1983ರಲ್ಲಿ ನನ್ನ ತಂಗಿಗೆ ಮುಟ್ಟು ನಿಂತು ಎರಡು ತಿಂಗಳೂ ತುಂಬಿರಲಿಲ್ಲ. ಒಂದು ದಿನ ಹೊಟ್ಟೆಯ ಕೆಳಗೆ ಬಲಗಡೆ ನೋವು ಶುರುವಾಯಿತು. ವಾಯು ಎಂದು ನಮ್ಮವ್ವ ಓಂಕಾಳಿನ ನೀರು ಕುಡಿಸಿದಳು. ರಾತ್ರಿ ಅವಳು ತಲೆ ಸುತ್ತಿ ಬಿದ್ದಾಗಲೇ ನಾವು ಗಾಡಿ ಹುಡುಕಿದ್ದು. ಗರ್ಭ ನಿಂತದ್ದು ಗರ್ಭಕೋಶದಲ್ಲಲ್ಲ, ಗರ್ಭನಾಳದಲ್ಲಿ. ಅದು ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಆಪರೇಷನ್ ಆಗಿ ಜೀವ ಉಳಿಯಿತು. ಒಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಸರ್ಜನ್ ಹೇಳಿದರು. ಅಂದು ಅವ್ವನನ್ನು ಯಾರೂ ದೂರಲಿಲ್ಲ. ನಮಗೆ ಗೊತ್ತಿದ್ದದ್ದೇ ಅಷ್ಟು.

ಮೂತ್ರದ ಪಟ್ಟಿಯ ಮೇಲೆ ಎರಡು ಗೆರೆ ಬಂದರೆ ಗರ್ಭ ನಿಂತಿದೆ ಎಂದಷ್ಟೇ ತಿಳಿಯುತ್ತದೆ, ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ. ಅದನ್ನು ನೋಡುವುದೇ ಮೊದಲ ಸ್ಕ್ಯಾನಿಂಗಿನ ಮುಖ್ಯ ಕೆಲಸ. ಜೊತೆಗೆ ಭ್ರೂಣ ಒಂದೋ ಎರಡೋ, ಹೃದಯ ಬಡಿಯುತ್ತಿದೆಯೋ, ಎಷ್ಟು ವಾರವಾಗಿದೆ ಎಂಬುದೂ ಗೊತ್ತಾಗುತ್ತದೆ. ಸಾಮಾನ್ಯವಾಗಿ ಇದನ್ನು 6ರಿಂದ 8ನೇ ವಾರದೊಳಗೆ ಮಾಡುತ್ತಾರೆ. ವಾರದ ಲೆಕ್ಕ ಹಿಡಿಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಆದ್ದರಿಂದ ಆ ತಾರೀಖು ಬರೆದಿಟ್ಟುಕೊಂಡಿರಬೇಕು. ಇದು ಎಕ್ಸ್‌ರೇ ಅಲ್ಲ, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಚಿತ್ರ ತೆಗೆಯುವ ವಿಧಾನ. ಹೊಟ್ಟೆಯ ಮೇಲಿನಿಂದ ನೋಡುವುದಾದರೆ ನೀರು ಕುಡಿದು ಮೂತ್ರ ತಡೆದುಕೊಂಡು ಹೋಗಬೇಕು. ಇಷ್ಟು ಬೇಗ ಚೆನ್ನಾಗಿ ಕಾಣಬೇಕೆಂದು ಒಳಗಿನಿಂದಲೂ ನೋಡುತ್ತಾರೆ, ಆಗ ಮೂತ್ರಕೋಶ ಖಾಲಿ ಇರಬೇಕು. ಇದರಿಂದ ಗರ್ಭ ಜಾರುತ್ತದೆ ಎಂಬ ಭಯ ಬೇಡ. ಒಳಗಿನಿಂದ ನೋಡುತ್ತಾರೆಂದು ಸೊಸೆಗೆ ಮೊದಲೇ ಹೇಳಿ ಕರೆದೊಯ್ದರೆ ಅವಳು ಗಾಬರಿಯಾಗುವುದಿಲ್ಲ.

ಶಿಬಿರದಲ್ಲಿ ನಾನು ಹೆಚ್ಚು ಕಣ್ಣೀರು ಕಂಡದ್ದು "ಹೃದಯಬಡಿತ ಕಾಣಿಸಲಿಲ್ಲ" ಎಂಬ ಮಾತಿಗೆ. 5ನೇ ವಾರಕ್ಕೇ ಅವಸರದಿಂದ ಓಡಿದರೆ ಗರ್ಭಚೀಲ ಮಾತ್ರ ಕಾಣುತ್ತದೆ. ಆರನೇ ವಾರದಲ್ಲಿ ಭ್ರೂಣ ಒಂದು ತೊಗರಿ ಕಾಳಿನಷ್ಟು, 5 ಮಿಲಿಮೀಟರ್ ಆಸುಪಾಸು. ಬಡಿತ ಕಾಣತೊಡಗುವುದು ಆಗಲೇ. ಮುಟ್ಟು ಹಿಂದೆಮುಂದೆ ಆಗುವವರಲ್ಲಿ ಲೆಕ್ಕವೇ ಒಂದು ವಾರ ತಪ್ಪಿರಬಹುದು. ಭ್ರೂಣ 7 ಮಿಲಿಮೀಟರ್ ಮುಟ್ಟುವ ಮೊದಲು ಬಡಿತವಿಲ್ಲವೆಂದು ವೈದ್ಯರು ತೀರ್ಮಾನಿಸುವುದಿಲ್ಲ, ಕಡಿಮೆಯೆಂದರೆ ಒಂದು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಮರುದಿನವೇ ಇನ್ನೊಂದು ಸೆಂಟರಿಗೆ ಓಡುವುದರಿಂದ ಹಣ ಹೋಗುತ್ತದೆ, ಉತ್ತರ ಸಿಗುವುದಿಲ್ಲ. ಆ ವಾರವಿಡೀ ಸೊಸೆಯ ಮುಂದೆ ಯಾರೂ ಲೆಕ್ಕ ಹಾಕುತ್ತ ಕೂರಬಾರದು.

ಎರಡನೆಯದು 11ರಿಂದ 13ನೇ ವಾರದಲ್ಲಿ, ಮಗುವಿನ ಕುತ್ತಿಗೆ ಹಿಂಭಾಗದ ದ್ರವದ ದಪ್ಪ ಅಳೆಯುವ ಸ್ಕ್ಯಾನಿಂಗ್. 14ನೇ ವಾರ ದಾಟಿದರೆ ಆ ಅಳತೆಗೆ ಬೆಲೆಯಿಲ್ಲ.

ಈಗ ಮೈ ತೊಂದರೆಗಳ ಮಾತು. ಓಕರಿಕೆ, ಆಯಾಸ, ಪದೇ ಪದೇ ಮೂತ್ರ, ಎದೆ ಬಿಗಿತ, ಮಲಬದ್ಧತೆ, ಮುಟ್ಟಿನ ಹಾಗೆ ಸಣ್ಣಗೆ ಕಿಬ್ಬೊಟ್ಟೆ ಹಿಡಿತ, ಇವೆಲ್ಲ ಹಾರ್ಮೋನುಗಳ ಏರಿಕೆಯಿಂದ ಬರುವವು. ಓಕರಿಕೆ 6ನೇ ವಾರದ ಸುಮಾರಿಗೆ ಶುರುವಾಗಿ ಬಹಳ ಮಂದಿಗೆ 16ನೇ ವಾರದೊಳಗೆ ಇಳಿಯುತ್ತದೆ. ಹೊಟ್ಟೆ ಖಾಲಿಯಿದ್ದರೆ ಹೆಚ್ಚಾಗುತ್ತದೆ, ನಮ್ಮ ಮನೆಗಳ ಕಷ್ಟ ಇರುವುದು ಇಲ್ಲೇ. ಸಂಜೆ ಆರಕ್ಕೆ ಊಟ ಮುಗಿಸಿ ಬೆಳಿಗ್ಗೆ ಏಳರವರೆಗೆ ಬಾಯಿಗೆ ಏನೂ ಇಲ್ಲವೆಂದರೆ ಹದಿಮೂರು ಗಂಟೆ. ಅದಕ್ಕೆ ಹಗಲಲ್ಲಿ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ, ಸೂರ್ಯಾಸ್ತದ ಮೊದಲಿನ ಊಟದಲ್ಲಿ ಬೇಳೆ, ಹಾಲು, ಮೊಸರು ಇರಲಿ, ಬೆಳಗಾದ ಕೂಡಲೇ ಹಾಸಿಗೆಯಲ್ಲೇ ಒಂದು ಮುಷ್ಟಿ ಚುರುಮುರಿ ಕೊಡಿ. ವಾಂತಿಗೆ ಎಲ್ಲರೂ ಹಸಿ ಶುಂಠಿ ಎನ್ನುತ್ತಾರೆ. ಕಂದಮೂಲ ಬಿಟ್ಟವರು ಚಿಟಿಕೆ ಒಣಶುಂಠಿ ಪುಡಿ ಬಳಸಬಹುದು. ಗರ್ಭಿಣಿಯರಿಗೆಂದೇ ಇರುವ ವಾಂತಿ ಮಾತ್ರೆಗಳೂ ಇವೆ, ಆದರೆ ಯಾವುದೇ ಮಾತ್ರೆಯನ್ನು ಅಂಗಡಿಯಿಂದ ನಾವೇ ತರಬಾರದು.

ನೀರೂ ನಿಲ್ಲದಷ್ಟು ವಾಂತಿಯಿದ್ದು ಮೂತ್ರ ಗಾಢ ಹಳದಿಯಾದರೆ ನಿಯಮದ ನೆಪ ಹೇಳದೆ ಆಸ್ಪತ್ರೆಗೆ ಒಯ್ಯಿರಿ. ದಶಲಕ್ಷಣದಲ್ಲಿ ಉಪವಾಸ ಮಾಡುತ್ತೇನೆಂದು ಹಟ ಹಿಡಿದ ಗರ್ಭಿಣಿಯರನ್ನು ನೋಡಿದ್ದೇನೆ. ಮಹಾರಾಜರನ್ನೋ ಮಾತಾಜಿಯವರನ್ನೋ ಕೇಳುವುದಾದರೆ ಕೇಳಿ, ಆದರೆ ವೈದ್ಯರು ಹೇಳಿದ್ದನ್ನು ಅರ್ಧ ಮುಚ್ಚಿಡದೆ ಪೂರ್ತಿ ಅವರ ಮುಂದಿಡಿ. ಮೊದಲ ಮೂರು ತಿಂಗಳ ಫೋಲಿಕ್ ಆಸಿಡ್ ಮಾತ್ರೆಯನ್ನಂತೂ ತಪ್ಪಿಸಬಾರದು. ಶುದ್ಧ ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ12 ಕೊರತೆ ಇರಬಹುದು, ಅದರ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಒಂದೇ ಪಕ್ಕದ ಹೊಟ್ಟೆನೋವು, ರಕ್ತಸ್ರಾವ, ತಲೆ ಸುತ್ತಿ ಬೀಳುವುದು, ಭುಜದ ತುದಿಯಲ್ಲಿ ನೋವು, ಇವುಗಳಲ್ಲಿ ಯಾವುದು ಕಂಡರೂ ಓಂಕಾಳು ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಭುಜಕ್ಕೂ ಗರ್ಭಕ್ಕೂ ಏನು ಸಂಬಂಧವೆಂದು ನಾನೂ ಕೇಳಿದ್ದೆ: ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು ಕೆರಳಿಸಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ. ನನ್ನ ತಂಗಿಯೂ ಅಂದು ಭುಜ ನೋವು ಎಂದಿದ್ದಳು. ನಾವು ಎಣ್ಣೆ ತಿಕ್ಕಿದ್ದೆವು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಫಾರಂ ಎಫ್ ತುಂಬಿಸಿ ಸಹಿ ಪಡೆಯುತ್ತಾರೆ. 1994ರ ಕಾನೂನಿನಂತೆ ಅದು ಕಡ್ಡಾಯ, ಬೇಸರ ಮಾಡಿಕೊಳ್ಳಬೇಡಿ. ಗಂಡೋ ಹೆಣ್ಣೋ ಎಂದು ಹೇಳುವುದು ಮಾತ್ರವಲ್ಲ, ತಿಳಿಯಲು ಹೋಗುವುದೂ ಅಪರಾಧ. ಮೊದಲ ಸಲವೇ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇದೆ. ಹೋಗುವಾಗ ತಾಯಿ ಕಾರ್ಡ್, ಗುರುತಿನ ಚೀಟಿ, ಹಿಂದಿನ ವರದಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆ ಪ್ರತಿ ತಿಂಗಳ 9ನೇ ತಾರೀಖು ಉಚಿತ ತಪಾಸಣೆ ಇರುತ್ತದೆ. ಅದಕ್ಕೆ ಮೊದಲೇ ಹೆಸರು ನೋಂದಾಯಿಸಲು ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕಾಣಿರಿ.