ಕಡಲ ಪ್ರಾಣಿಗಳ ಉಪವಾಸ

ಕಕ್ಕಡದ ಮಳೆ ಹಿಡಿಯಿತೆಂದರೆ ಕೊಡಗಿನ ಮನೆಗಳಲ್ಲಿ ಅಟ್ಟವೇ ಆಸರೆ. ಬೇಸಗೆಯಲ್ಲಿ ಕೂಡಿಟ್ಟ ಸೌದೆ, ಹಲಸಿನ ಬೀಜ, ಒಣಮೀನುಗಳನ್ನು ಲೆಕ್ಕವಿಟ್ಟು ತೆಗೆದು ಬಳಸುವುದು ಮನೆಯೊಡತಿಯ ಜಾಣ್ಮೆ. ಇಂಥದೇ ಅಟ್ಟವನ್ನು ಮೈಯಲ್ಲಿಯೇ ಹೊತ್ತು ತಿಂಗಳುಗಟ್ಟಲೆ ಉಪವಾಸವಿರುವ ಪ್ರಾಣಿಗಳು ಕಡಲಿನಲ್ಲಿವೆ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಈ ವಿಷಯಕ್ಕೆ ಕೈಹಾಕಿದ ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ಮೊದಲು ನಮ್ಮ ದೇಹದ ವಿಚಾರ. ಊಟ ನಿಂತರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಸುಮಾರು ಒಂದು ದಿನದಲ್ಲಿ ತೀರುತ್ತದೆ. ಬಳಿಕ ಕೊಬ್ಬು ಕರಗುತ್ತದೆ. ಅದರೊಡನೆ ಸ್ನಾಯುಗಳ ಪ್ರೋಟೀನೂ ಸವೆಯುತ್ತದೆ. ಕೊಬ್ಬು ಸೌದೆಯಾದರೆ ಸ್ನಾಯು ಮನೆಯ ತೊಲೆ. ತೊಲೆಯನ್ನೇ ಒಲೆಗಿಟ್ಟರೆ ಮನೆ ಉಳಿದೀತೆ?

ಈ ತೊಲೆಯನ್ನು ಕಾಪಾಡುವುದರಲ್ಲಿ ಕ್ಯಾಲಿಫೋರ್ನಿಯಾ ತೀರದ ಆನೆಸೀಲ್ ಬಹಳ ನಿಪುಣ. ಅದರ ತಾಯಿ ಸುಮಾರು 4 ವಾರ ತಾನೇನೂ ತಿನ್ನದೆ ಮರಿಗೆ ಹಾಲೂಡಿಸುತ್ತದೆ. ಹುಟ್ಟುವಾಗ 40 ಕಿಲೋಗ್ರಾಂ ಇದ್ದ ಮರಿ ಹಾಲು ಬಿಡುವ ವೇಳೆಗೆ ಸುಮಾರು 130 ಕಿಲೋಗ್ರಾಂ ಆಗುತ್ತದೆ. ತಾಯಿ ಕಡಲಿಗೆ ಹಿಂತಿರುಗಿದ ಮೇಲೆ ಮರಿ ಎರಡು ತಿಂಗಳಿಗೂ ಮೀರಿ ಅನ್ನ-ನೀರಿಲ್ಲದೆ ಇರುತ್ತದೆ. ಆಗ ಅದಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಕೊಬ್ಬಿನಿಂದಲೇ ಬರುತ್ತದೆ. ಉಪವಾಸ ಮುಂದುವರಿದಂತೆ ರಕ್ತದಲ್ಲಿ ಇನ್ಸುಲಿನ್ ತಗ್ಗುತ್ತದೆ. ಕೊಬ್ಬು ಸಲೀಸಾಗಿ ಬಿಡುಗಡೆಯಾಗುತ್ತದೆ. ಒಟ್ಟು ಖರ್ಚೂ ಇಳಿಯುತ್ತದೆ.

ನೀರು ಎಲ್ಲಿಂದ ಎಂದು ವಾಚಕರು ಕೇಳಬಹುದು. ಅದೂ ಕೊಬ್ಬಿನಿಂದಲೇ! 100 ಗ್ರಾಂ ಕೊಬ್ಬು ದೇಹದಲ್ಲಿ ಉರಿದರೆ ಸುಮಾರು 107 ಗ್ರಾಂ ನೀರು ಹುಟ್ಟುತ್ತದೆ. ಮರಿಯು ನಿದ್ದೆಯಲ್ಲಿ ನಿಮಿಷಗಟ್ಟಲೆ ಉಸಿರು ಹಿಡಿಯುವುದರಿಂದ ಉಸಿರಿನೊಡನೆ ಹೋಗುವ ತೇವವೂ ಉಳಿಯುತ್ತದೆ.

ತಿಮಿಂಗಿಲಗಳಲ್ಲಿಯೂ ಉಪವಾಸವ್ರತಿಗಳುಂಟು. ಗೂನುಬೆನ್ನಿನ ತಿಮಿಂಗಿಲಗಳು ಬೇಸಗೆಯಲ್ಲಿ ತಣ್ಣನೆಯ ಕಡಲಿನಲ್ಲಿ ಮೇದು, ಚಳಿಗಾಲದಲ್ಲಿ ಬೆಚ್ಚನೆಯ ಕಡಲಿಗೆ ಹೋಗಿ ಮರಿಹಾಕುತ್ತವೆ. ಅಲ್ಲಿ ಅವುಗಳಿಗೆ ಆಹಾರ ಇಲ್ಲವೆಂಬಷ್ಟು ಕಡಮೆ. ಆದರೆ ನಮ್ಮ ಅರಬ್ಬೀ ಸಮುದ್ರದವು ಹೀಗೆ ವಲಸೆ ಹೋಗುವುದಿಲ್ಲ. ಕೊಡಗಿಗೆ ಮಳೆ ತರುವ ನೈಋತ್ಯ ಮಾರುತವೇ ಓಮನ್ ತೀರದ ಮೇಲ್ಮೈ ನೀರನ್ನು ದೂರ ತಳ್ಳುತ್ತದೆ; ಆಳದ ತಣ್ಣೀರು ಲವಣಗಳೊಡನೆ ಮೇಲೇರಿ, ಸೂಕ್ಷ್ಮ ಸಸ್ಯಗಳೂ ಸಣ್ಣ ಮೀನುಗಳೂ ಹೆಚ್ಚುತ್ತವೆ. ತಿಮಿಂಗಿಲಕ್ಕೆ ಅಲ್ಲಿಯೇ ಊಟ. 1965-66ರಲ್ಲಿ ಸೋವಿಯೆತ್ ಹಡಗುಗಳು ಈ ಸಮುದ್ರದಲ್ಲಿ ಇಂಥ 242 ತಿಮಿಂಗಿಲಗಳನ್ನು ಕೊಂದವು. ಅವುಗಳ ಹೊಟ್ಟೆಯಲ್ಲಿ ಆಹಾರವಿದ್ದುದು ಆಗ ಕಂಡಿತು. ಓಮನ್ ತೀರದಲ್ಲಿ 2017ರಲ್ಲಿ ಗುರುತುಯಂತ್ರ ತೊಡಿಸಿದ 'ಲುಬಾನ್' ಎಂಬ ಹೆಣ್ಣು ತಿಮಿಂಗಿಲ ಭಾರತದ ದಕ್ಷಿಣ ತುದಿಯವರೆಗೂ ಬಂದುಹೋಯಿತು. ಅಳಿವಿನ ಅಂಚಿನಲ್ಲಿರುವ ಈ ಬಳಗಕ್ಕೆ ಇದೊಂದೇ ಕಡಲು, ಇದೊಂದೇ ಕಣಜ.

ಇನ್ನು ನನ್ನ ಕಾರಣ. ನಾನು ಬೆಳೆದದ್ದು ತೋಟದ ಲೈನ್ ಮನೆಯಲ್ಲಿ. ಅಲ್ಲಿ ಅಟ್ಟವಿರಲಿಲ್ಲ. ಮಳೆ ಜೋರಾದರೆ ಕೆಲಸವಿಲ್ಲ, ಕೆಲಸವಿಲ್ಲದ ದಿನ ಕೂಲಿಯಿಲ್ಲ. ಅಂಥ ರಾತ್ರಿಗಳಲ್ಲಿ ಅವ್ವ ನಮಗೆ ಗಂಜಿ ಬಡಿಸಿ, "ನನಗೆ ಇವತ್ತು ಉಪವಾಸ ಕಣೋ" ಎನ್ನುತ್ತಿದ್ದಳು. ಯಾವ ದೇವರ ಉಪವಾಸವೆಂದು ನಾನು ಕೇಳಲಿಲ್ಲ. ಆನೆಸೀಲಿನ ತಾಯಿ ಮೈತುಂಬ ಕೊಬ್ಬು ಕೂಡಿಟ್ಟು ಹಾಲೂಡಿಸಲು ಕೂರುತ್ತದೆ. ಅವ್ವನ ಮೈಯಲ್ಲಿ ಕೂಡಿಟ್ಟದ್ದೇನೂ ಇರಲಿಲ್ಲ, ಸವೆದದ್ದು ತೊಲೆ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಉಪವಾಸಕ್ಕೂ ಹಸಿವಿಗೂ ಇರುವ ಅಂತರವನ್ನು ಪುಸ್ತಕದಲ್ಲಿ ಓದಿದಾಗ, ಅವ್ವನ ಆ ಮಾತಿನ ಅರ್ಥ ನನಗಾಯಿತು.