ಗಿಟಾರಿನ ತಂತಿಯ ಮೇಲೆ ತತ್ವಪದ

ಜೇವರ್ಗಿ ಸೀಮೆಯ ನೆಲೋಗಿಯ ಸುತ್ತಿನ ಜನ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ತಾಳ, ದಮ್ಮಡಿಗಳೊಡನೆ ಕೇಳಿ ಬಲ್ಲವರು. ಅಂಥ ಪದವೊಂದು ರಾಕ್ ವಾದ್ಯಮೇಳಕ್ಕೆ ಏರಿದರೆ ಅದರ ತಿರುಳು ಉಳಿದೀತೆ? ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆಯನ್ನು ಕೇಳುವಾಗ ಏಳುವ ಪ್ರಶ್ನೆಯಿದು.

ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತ ಅವರು ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಧ್ವನಿಮುದ್ರಣ ಸಂಸ್ಥೆಗಳ ಬಾಗಿಲು ಬಹುಕಾಲ ತೆರೆಯಲಿಲ್ಲ. ಕಡೆಗೆ ಮುಂಬಯಿಯ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಅದನ್ನು ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೊ’ ಕೂಡ ಇತ್ತು.

ಹುಕ್ಕಾದ ನೆಪದಲ್ಲಿ ದೇಹ-ಮನಸ್ಸುಗಳ ಗುಟ್ಟು ಹೇಳುವ ಪದವದು. ಗಿಟಾರು, ಡ್ರಮ್ಮುಗಳ ಭರದಲ್ಲಿ ಕುಣಿತದ ಹಾಡಾಗಿದೆ. ಒಳಾರ್ಥಕ್ಕೆ ಕಿವಿಗೊಡಲು ಬಿಡುವೇ ಇಲ್ಲವೆಂಬ ಆಕ್ಷೇಪ ನನ್ನದೂ ಹೌದು. ಆದರೆ 1990ರಲ್ಲಿ ನಾಗಾಭರಣರ ಚಿತ್ರಕ್ಕಾಗಿ ಸಿ. ಅಶ್ವತ್ಥರು ಶರೀಫರ ಪದಗಳಿಗೆ ಸಂಗೀತ ಹೊಂದಿಸಿದಾಗ ಅವು ಬಡವಾಗಲಿಲ್ಲವಷ್ಟೆ! ಪದವನ್ನು ಬಾಯಿಪಾಠ ಮಾಡಿಕೊಂಡ ಹುಡುಗ ಎಂದಾದರೊಮ್ಮೆ ಅರ್ಥ ಕೇಳಿಕೊಂಡು ಹಿರಿಯರ ಬಳಿಗೆ ಬಂದಾನು.

ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಗಾಯಕರನ್ನು 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ ಬರಮಾಡಿಕೊಂಡಿತು. ಮರುವರ್ಷ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಮೀಸಲಾದ ತನ್ನ ಪ್ರಶಸ್ತಿಯನ್ನು ಅವರಿಗೆ ನೀಡಿತು.