ನಮ್ಮ ರಕ್ತದಲ್ಲೇ ನಮ್ಮ ಮದ್ದು

"ಫಾದರ್, ಹೊಲಾ ಮಾರಿಯಾದ್ರೂ ಮಗನ್ನ ಉಳಿಸ್ಕೋಬೇಕ್ರೀ. ಆದ್ರ ಜೀವಕೋಶಾನೇ ತಿದ್ದೋದು ದೇವರ ಕೆಲಸದಾಗ ಕೈ ಹಾಕಿದಂಗ ಅಲ್ಲೇನ್ರೀ?" ಜತ್ತ ತಾಲೂಕಿನ ಉಮದಿ ಕಡೆಯ ತಂದೆಯೊಬ್ಬರು ನಮ್ಮನ್ನು ಹೀಗೆ ಕೇಳಿದರು. ಮಗನ ರಕ್ತದ ಕ್ಯಾನ್ಸರ್ ಕಿಮೋಥೆರಪಿಯ ನಂತರವೂ ಮರಳಿತ್ತು.

ಅವರು ಕೇಳಿಬಂದದ್ದು 'ಕಾರ್-ಟಿ' ಚಿಕಿತ್ಸೆಯ ಸುದ್ದಿ. ನಮ್ಮ ರಕ್ತದಲ್ಲಿರುವ 'ಟಿ' ಕೋಶಗಳು ರೋಗದ ವಿರುದ್ಧ ಹೋರಾಡುವ ಕಾವಲುಗಾರರು. ಕ್ಯಾನ್ಸರ್ ಅವುಗಳ ಕಣ್ಣು ತಪ್ಪಿಸುತ್ತದೆ. ವೈದ್ಯರು ರೋಗಿಯ ರಕ್ತದಿಂದ ಈ ಕೋಶಗಳನ್ನು ಬೇರ್ಪಡಿಸಿ, ವೈರಿಯನ್ನು ಗುರುತಿಸುವ ಹೊಸ ಜೀನ್ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ಅವನ ದೇಹಕ್ಕೇ ಹರಿಸುತ್ತಾರೆ.

ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ 'ನೆಕ್ಸ್‌ಕಾರ್19' ಚಿಕಿತ್ಸೆಗೆ 2023ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಲೋಕಾರ್ಪಣೆ ಮಾಡಿದರು. ಬೆಂಗಳೂರಿನ ಇಮ್ಯೂನೀಲ್ ಸಂಸ್ಥೆಯೂ 2025ರಲ್ಲಿ ಇಂಥದೇ ಚಿಕಿತ್ಸೆಯನ್ನು ತಂದಿತು. ವಿದೇಶದಲ್ಲಿ ಕೋಟಿಗಟ್ಟಲೆ ಬೀಳುವ ವೆಚ್ಚ ಇಲ್ಲಿ ಲಕ್ಷಗಳಿಗೆ ಇಳಿದಿದೆ. ಆದರೂ ಬರಗಾಲದ ಜತ್ತದ ರೈತನಿಗೆ ಅದು ದೊಡ್ಡ ಬೆಟ್ಟವೇ.

ಭರವಸೆಯ ಜೊತೆ ಎಚ್ಚರವೂ ಬೇಕು. ಇದು 'ಬಿ' ಕೋಶಗಳ ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಮಾತ್ರ; ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗಲ್ಲ. ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಸೋಂಕಿನ ಅಪಾಯಗಳಿವೆ. ಪ್ರಯೋಗದಲ್ಲಿ ನೂರಕ್ಕೆ ಸುಮಾರು 73 ಮಂದಿಗೆ ಫಲ ಕಂಡಿತೆಂದು 2025ರಲ್ಲಿ ಪ್ರಕಟವಾಯಿತು. ಆದರೆ ಫಲ ಕಂಡವರೆಲ್ಲರೂ ಪೂರ್ಣ ಗುಣವಾದರೆಂದು ಇದರ ಅರ್ಥವಲ್ಲ.

ಇನ್ನು ತಂದೆಯ ಪ್ರಶ್ನೆ. ರೋಗ ವಾಸಿಮಾಡಲು ರೋಗಿಯ ದೇಹದ ಕೋಶಗಳಲ್ಲಿ ಮಾತ್ರ ಮಾಡುವ, ಸಂತತಿಗೆ ದಾಟದ ಜೀನ್ ಚಿಕಿತ್ಸೆಯು ತಾತ್ವಿಕವಾಗಿ ಸಮ್ಮತವೆಂದು ಧರ್ಮಸಭೆ 2008ರ 'ದಿಗ್ನಿತಾಸ್ ಪೆರ್ಸೊನೇ' ಬೋಧನಾಪತ್ರದಲ್ಲಿ ಹೇಳಿದೆ. ಹಾಗೆಯೇ, ಫಲಕ್ಕೆ ಮೀರಿದ, ಹೊರಲಾರದ ಹೊರೆಯ ಚಿಕಿತ್ಸೆಯನ್ನು ಮಾಡಿಸಲೇಬೇಕೆಂದು ಧರ್ಮಸಭೆ ಯಾರನ್ನೂ ಬಲವಂತಪಡಿಸುವುದಿಲ್ಲ. ಮಾಡಿಸಿದರೂ ಪಾಪವಲ್ಲ, ಮಾಡಿಸಲಾಗದಿದ್ದರೂ ಪಾಪವಲ್ಲ.

ಆದ್ದರಿಂದ ನಾವು ಅವರಿಗೆ ಹೇಳಿದ್ದು ಇಷ್ಟೇ: ಮೊದಲು ಹೊಲ ಮಾರಬೇಡಿ. ಕಡತ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ಈ ಚಿಕಿತ್ಸೆ ಮಗನಿಗೆ ಒಗ್ಗುತ್ತದೆಯೇ, ಎಷ್ಟು ಭರವಸೆಯಿದೆ ಎಂದು ಕೇಳಿ. ಸಹಾಯಧನದ ಬಗ್ಗೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ. ಹಾಗೆಯೇ ಮಗನಿಗೆ ಅಸ್ವಸ್ಥರ ಅಭ್ಯಂಗವನ್ನೂ ಕೊಡಿಸೋಣ. ಅದು ಸಾಯುವವರಿಗಷ್ಟೇ ಅಲ್ಲ.

ಅಪ್ಪ ಮಗ ಇಬ್ಬರೂ ಮುಂಬಯಿಗೆ ಹೊರಟಿದ್ದಾರೆ. ಹೊಲ ಇನ್ನೂ ಅವರದೇ. ಪ್ರಿಯ ಓದುಗರೇ, ಕ್ಯಾನ್ಸರ್ ರೋಗಿಗಳ ಪಾಲಕ ಸಂತ ಪೆರೆಗ್ರಿನ್ ಅವರ ಬಿನ್ನಹದ ಮೂಲಕ ಈ ಕುಟುಂಬಕ್ಕಾಗಿ ಪ್ರಾರ್ಥಿಸೋಣ. ನೆರೆಮನೆಯಲ್ಲಿ ಇಂಥ ರೋಗಿಯಿದ್ದರೆ ಪ್ರಾರ್ಥನೆಯ ಜೊತೆಗೆ ಬಸ್ಸಿನ ಖರ್ಚಿಗೂ ಕೈ ಜೋಡಿಸೋಣ.